ಏರ್‌ಪೋರ್ಟ್ ನಡೆಸುವ ಹೆಣ್ಣುಮಕ್ಕಳು ಎಲ್ಲಿಂದ ಬರುತ್ತಾರೆ? ಗಜೇಂದ್ರಗಡದ ಮಾಳಿಗೆಯಿಂದ ಒಂದು ಲೆಕ್ಕಾಚಾರ

ಗಜೇಂದ್ರಗಡದಲ್ಲಿ ನಮ್ಮ ಅಣ್ಣನ ಮನೆಯ ಮಾಳಿಗೆ ಮೇಲೆ ನಿಂತರೆ ಗುಡ್ಡದ ಸಾಲಿನ ಗಾಳಿ ಫ್ಯಾನುಗಳು ಕಾಣುತ್ತವೆ. ರಾತ್ರಿ ಅವುಗಳ ರೆಕ್ಕೆ ಕಾಣುವುದಿಲ್ಲ, ನೆತ್ತಿಯ ಕೆಂಪು ದೀಪ ಮಾತ್ರ. ಈ ಸಲ ಯುಗಾದಿಗೆ ಹೋದಾಗ ಅಣ್ಣನ ಮಗಳು ಕೇಳಿದಳು.

"ಅತ್ತೀ, ಆ ಫ್ಯಾನಿನ ಮ್ಯಾಲೆ ಕೆಂಪ್ ಲೈಟ್ ಯಾಕ ಹಚ್ಚತಾರ?"

"ವಿಮಾನಕ್ಕ ಕಾಣ್ಲಿ ಅಂತ."

"ಹಚ್ಯಾರೋ ಇಲ್ಲೋ, ಎಷ್ಟು ಎತ್ತರ ಕಟ್ಯಾರ, ಅದನ್ನೆಲ್ಲಾ ಯಾರು ನೋಡತಾರ?"

ಏರ್‌ಪೋರ್ಟ್ಸ್ ಅಥಾರಿಟಿ ಆಫ್ ಇಂಡಿಯಾ ಅಂತ ಒಂದು ಐತಿ, ಎತ್ತರದ ಕಟ್ಟಡ, ಟವರ್ ಎಬ್ಬಿಸುವವರು ಅಲ್ಲಿಂದ ಒಪ್ಪಿಗೆ ತಗೋಬೇಕು ಅಂದೆ. ಅವಳು ಬಿಎಸ್ಸಿ ಕೊನೆಯ ವರ್ಷ. ಫಿಸಿಕ್ಸು, ಕೆಮಿಸ್ಟ್ರಿ, ಮ್ಯಾಥ್ಸು. ಸ್ವಲ್ಪ ಹೊತ್ತು ಸುಮ್ಮನಿದ್ದು ಇನ್ನೊಂದು ಪ್ರಶ್ನೆ ಹಾಕಿದಳು: "ಆ ಕೆಲಸಕ್ಕ ಹುಡುಗ್ಯಾರನ್ನ ತಗೋತಾರೇನು?"

"ಹೂಂ, ತಗೋತಾರ" ಅಂದುಬಿಟ್ಟೆ. ಆದರೆ ಆ ಉತ್ತರ ಅರ್ಧ ಮಾತ್ರ ಸರಿ. ಉಳಿದ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ವಿಮಾನಯಾನದಲ್ಲಿ ಮಹಿಳೆಯರು ಅಂದ ಕೂಡಲೇ ನಮಗೆ ನೆನಪಾಗುವುದು ಪೈಲಟ್‌ಗಳು. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಸಂಗಡಿಗರು, ಎಲ್ಲರೂ ಮಹಿಳೆಯರೇ, ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ದಾರಿ ಹಿಡಿದು ಬೆಂಗಳೂರಿಗೆ ಏರ್ ಇಂಡಿಯಾ ವಿಮಾನ ತಂದು ಇಳಿಸಿದಾಗ ದೇಶವೆಲ್ಲ ಚಪ್ಪಾಳೆ ಹೊಡೆಯಿತು. ಭಾರತದ ಪೈಲಟ್‌ಗಳಲ್ಲಿ ಸುಮಾರು ಶೇ. 15ರಷ್ಟು ಮಹಿಳೆಯರು, ಜಗತ್ತಿನ ಸರಾಸರಿ ಶೇ. 5ರ ಆಸುಪಾಸು ಎಂದು ಸರ್ಕಾರ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಸಂತೋಷ. ಆದರೆ ಪೈಲಟ್ ಆಗಲು ಹತ್ತಾರು ಲಕ್ಷ ರೂಪಾಯಿ ಬೇಕು. ರೋಣ ತಾಲ್ಲೂಕಿನ ನಾಲ್ಕೆಕರೆ ಒಣಬೇಸಾಯದ ಮನೆಯಿಂದ ಆ ದುಡ್ಡು ಹುಟ್ಟುವುದಿಲ್ಲ. ಆ ವಿಮಾನ ಇಳಿಯುವ ನೆಲವನ್ನು ನೋಡಿಕೊಳ್ಳುವವರು ಬೇರೆ. ಅವರ ಫೋಟೋ ಪತ್ರಿಕೆಯಲ್ಲಿ ಬರುವುದಿಲ್ಲ, ಆದರೆ ಆ ಕೆಲಸಕ್ಕೆ ಸೇರಲು ಬೇಕಾಗುವುದು ಒಂದು ಡಿಗ್ರಿ ಮತ್ತು ಒಂದು ಪರೀಕ್ಷೆ.

ನಿರ್ದೇಶಕಿಯ ಕೆಲಸ ಏನು?

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ನಿರ್ದೇಶಕಿಯಾಗಿ ಉಷಾಕುಮಾರಿ ಕೆಲಸ ಮಾಡಿದ್ದಾರೆ. ನಮ್ಮ ರಾಜ್ಯದಲ್ಲೇ ಕಣ್ಣಿಗೆ ಬೀಳುವ ಹತ್ತಿರದ ಉದಾಹರಣೆ ಅದು. ಆ ಕುರ್ಚಿಯ ಮುಂದಿರುವ ದೊಡ್ಡ ಸಮಸ್ಯೆ ಏನೆಂದು ನೋಡಿದರೆ ಈ ಹುದ್ದೆಯ ಸ್ವರೂಪ ತಿಳಿಯುತ್ತದೆ. ಮೈಸೂರಿನ ರನ್‌ವೇ ಉದ್ದ 1,740 ಮೀಟರ್. ಎಟಿಆರ್‌ನಂಥ ಸಣ್ಣ ವಿಮಾನಕ್ಕೆ ಸಾಕು, ಏರ್‌ಬಸ್ ಬೋಯಿಂಗ್‌ಗಳಿಗೆ ಸಾಲದು. ಉದ್ದ ಮಾಡೋಣವೆಂದರೆ ಮೈಸೂರು–ನಂಜನಗೂಡು ಹೆದ್ದಾರಿ ಅಡ್ಡ ಬರುತ್ತದೆ. ರೈತರ ಜಮೀನು ಬೇಕು. ಜಮೀನು ಕೊಡಿಸುವುದು ರಾಜ್ಯ ಸರ್ಕಾರ, ಹೆದ್ದಾರಿ ಕೇಂದ್ರದ್ದು, ರನ್‌ವೇ ಎಎಐನದ್ದು, ಲೈಸೆನ್ಸ್ ಕೊಡುವುದು ಡಿಜಿಸಿಎ. ಮೇಲಾಗಿ ವಿಮಾನ ನಿಲ್ದಾಣ ಸಲಹಾ ಸಮಿತಿಯ ಅಧ್ಯಕ್ಷರು ಸ್ಥಳೀಯ ಸಂಸದರು. ಇವರೆಲ್ಲರ ನಡುವೆ ಫೈಲು ಸಾಗಿಸುವುದು ನಿರ್ದೇಶಕರ ಪಾಲಿನ ಕೆಲಸ.

ದಿನನಿತ್ಯದ್ದು ಇನ್ನೂ ಬೇರೆ. ರನ್‌ವೇ ಮೇಲೆ ಜೀಪಿನಲ್ಲಿ ಓಡಾಡಿ ಬಿರುಕು, ಕಲ್ಲು, ಸತ್ತ ಹಕ್ಕಿ ನೋಡುವುದು. ದೀಪ ಉರಿಯುತ್ತಿವೆಯೇ, ಅಗ್ನಿಶಾಮಕ ವಾಹನ ಸಿದ್ಧವಿದೆಯೇ, ಕಾಂಪೌಂಡಿನಾಚೆ ಯಾರಾದರೂ ಮಾಂಸದ ತ್ಯಾಜ್ಯ ಸುರಿದು ಹದ್ದುಗಳನ್ನು ಕರೆಯುತ್ತಿದ್ದಾರೆಯೇ ಅಂತ ವಿಚಾರಿಸುವುದು. ಇವನ್ನೆಲ್ಲ ನಿರ್ದೇಶಕಿ ಖುದ್ದಾಗಿ ಮಾಡಬೇಕಿಲ್ಲ, ಮಾಡಿಸಬೇಕು. ತಪ್ಪಾದರೆ ಉತ್ತರ ಹೇಳಬೇಕು. 2015ರ ಮಾರ್ಚ್ 8ರಂದು ಬೆಂಗಳೂರಿನಿಂದ ಬಂದ ಸ್ಪೈಸ್‌ಜೆಟ್ ವಿಮಾನ ಹುಬ್ಬಳ್ಳಿಯಲ್ಲಿ ಇಳಿಯುವಾಗ ರನ್‌ವೇ ಬಿಟ್ಟು ಜಾರಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಅಂಥ ಸಂಜೆ ಪ್ರಯಾಣಿಕರನ್ನು ಹೊರಗೆ ತರುವ, ರನ್‌ವೇ ಮುಚ್ಚುವ, ಆಸ್ಪತ್ರೆ, ಪೊಲೀಸ್, ಜಿಲ್ಲಾಡಳಿತಕ್ಕೆಲ್ಲ ಫೋನ್ ಹೋಗುವ ವ್ಯವಸ್ಥೆ ಮೊದಲೇ ಕಾಗದದ ಮೇಲೆ ಇರಬೇಕು, ವರ್ಷವರ್ಷ ಅಣಕು ಕಾರ್ಯಾಚರಣೆ ನಡೆದಿರಬೇಕು. ಅದರ ಹೊಣೆಯೂ ಈ ಕುರ್ಚಿಯದೇ.

ನೆಲದ ಮಾತು ಬಂತಲ್ಲ, ಸ್ವಲ್ಪ ನಿಲ್ಲುತ್ತೇನೆ. ನಾವು ನರಗುಂದದ ಸೀಮೆಯವರು. 1980ರ ಜುಲೈ 21ರ ಗೋಲಿಬಾರ್, ಮಲಪ್ರಭೆಯ ಕರದ ವಿರುದ್ಧ ಎದ್ದ ರೈತರು, 2015ರಿಂದ ಕಳಸಾ–ಬಂಡೂರಿಗಾಗಿ ಕೂತ ಧರಣಿ, ಇವನ್ನೆಲ್ಲ ಕೇಳುತ್ತಾ ಬೆಳೆದವರು. ಹುಬ್ಬಳ್ಳಿ ವಿಮಾನ ನಿಲ್ದಾಣ ದೊಡ್ಡದಾಗುವಾಗಲೂ ಗೋಕುಲ ಭಾಗದ ರೈತರ ನೂರಾರು ಎಕರೆ ಹೋಯಿತು, ಪರಿಹಾರದ ಜಗಳವಾಯಿತು. ಈ ಕುರ್ಚಿಯಲ್ಲಿ ಕೂರುವವರಿಗೆ ಏಳುಬೀಳಿನ ಭೂಮಿಯಲ್ಲಿ ಒಂದೆಕರೆ ಕಳೆದುಕೊಳ್ಳುವುದೆಂದರೇನು ಎಂದು ಗೊತ್ತಿದ್ದರೆ ಮೀಟಿಂಗಿನ ಮಾತೇ ಬೇರೆಯಾಗುತ್ತದೆ ಎಂದು ನನ್ನ ನಂಬಿಕೆ. ನಮ್ಮ ಕಡೆಯ ಹುಡುಗಿಯರು ಅಲ್ಲಿ ಇರಬೇಕೆಂದು ನಾನು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಏಣಿಯ ಮೊದಲ ಮೆಟ್ಟಿಲು

ಎಎಐ ಹುಟ್ಟಿದ್ದು 1995ರ ಏಪ್ರಿಲ್ 1ರಂದು, ಎರಡು ಹಳೆಯ ಪ್ರಾಧಿಕಾರಗಳನ್ನು ಕೂಡಿಸಿ. ದೇಶದ ನೂರಕ್ಕೂ ಹೆಚ್ಚು ವಿಮಾನ ನಿಲ್ದಾಣಗಳು ಅದರ ಕೈಯಲ್ಲಿವೆ. ನಮ್ಮ ಕಡೆ ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ.

ಒಳಗೆ ಹೋಗುವ ಬಾಗಿಲ ಹೆಸರು ಜೂನಿಯರ್ ಎಕ್ಸಿಕ್ಯೂಟಿವ್. ಏರ್ ಟ್ರಾಫಿಕ್ ಕಂಟ್ರೋಲ್ ವಿಭಾಗಕ್ಕೆ ಫಿಸಿಕ್ಸ್ ಮತ್ತು ಗಣಿತ ಇರುವ ಬಿಎಸ್ಸಿ ಸಾಕು, ಇಲ್ಲವೇ ಇಂಜಿನಿಯರಿಂಗ್. ವಯಸ್ಸಿನ ಮಿತಿ 27, ಮೀಸಲಾತಿ ಇರುವವರಿಗೆ ಸಡಿಲಿಕೆ. ಆನ್‌ಲೈನ್ ಪರೀಕ್ಷೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆಮೇಲೆ ಧ್ವನಿ ಪರೀಕ್ಷೆ. ಹೆಣ್ಣುಮಕ್ಕಳಿಗೆ ಅರ್ಜಿ ಶುಲ್ಕ ಇಲ್ಲ. ಮೂಲ ವೇತನ 40,000 ರೂಪಾಯಿಯಿಂದ ಶುರು, ಭತ್ಯೆಗಳು ಬೇರೆ. ಆಯ್ಕೆಯಾದರೆ ಪ್ರಯಾಗರಾಜ್ ಅಥವಾ ಹೈದರಾಬಾದಿನಂಥ ತರಬೇತಿ ಕೇಂದ್ರಕ್ಕೆ ಹೋಗಬೇಕು. ಸಿವಿಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಓದಿದವರನ್ನು ಗೇಟ್ ಅಂಕದ ಮೇಲೆ ತೆಗೆದುಕೊಳ್ಳುತ್ತಾರೆ.

ಇಲ್ಲಿಂದ ಏಣಿ: ಅಸಿಸ್ಟೆಂಟ್ ಮ್ಯಾನೇಜರ್, ಮ್ಯಾನೇಜರ್, ಸೀನಿಯರ್ ಮ್ಯಾನೇಜರ್, ಎಜಿಎಂ, ಡಿಜಿಎಂ, ಜಾಯಿಂಟ್ ಜಿಎಂ, ಜಿಎಂ, ಕೊನೆಗೆ ಎಕ್ಸಿಕ್ಯೂಟಿವ್ ಡೈರೆಕ್ಟರ್. ಸಣ್ಣ ನಿಲ್ದಾಣದ ನಿರ್ದೇಶಕ ಹುದ್ದೆ ಸಾಮಾನ್ಯವಾಗಿ ಈ ಏಣಿಯ ನಡುವಿನ ಮೆಟ್ಟಿಲಿನವರಿಗೆ ಸಿಗುತ್ತದೆ. 24ಕ್ಕೆ ಸೇರಿದ ಹುಡುಗಿ 45ರ ಹೊತ್ತಿಗೆ ಒಂದು ಏರ್‌ಪೋರ್ಟ್ ನಡೆಸಬಹುದು.

ಕೇಳಲು ಸರಳವಾಗಿದೆ. ಆದರೆ ಪರೀಕ್ಷೆ ಕನ್ನಡದಲ್ಲಿಲ್ಲ. ಕಂಟ್ರೋಲರ್‌ಗೆ ಇಂಗ್ಲಿಷ್ ಮಾತಾಡಲು ಬರಲೇಬೇಕು, ಅದು ಜಗತ್ತಿನ ನಿಯಮ, ಒಪ್ಪೋಣ. ಆದರೆ ಗಣಿತದ ಪ್ರಶ್ನೆಯನ್ನೂ ಕನ್ನಡದಲ್ಲಿ ಓದುವ ಅವಕಾಶ ಇಲ್ಲದಿರುವುದಕ್ಕೆ ಯಾವ ಜಗತ್ತಿನ ನಿಯಮವೂ ಕಾರಣವಲ್ಲ. ಮತ್ತೊಂದು ಸಣ್ಣ ಸಂಗತಿ. ಏರ್‌ಪೋರ್ಟ್ ಆಪರೇಷನ್ಸ್ ವಿಭಾಗದ ಹಿಂದಿನ ಅಧಿಸೂಚನೆಗಳಲ್ಲಿ ಕಾರು ಓಡಿಸುವ ಲೈಸೆನ್ಸ್ ಇರಬೇಕೆಂದು ಕೇಳಿದ್ದಾರೆ. ರನ್‌ವೇ ಮೇಲೆ ಜೀಪು ಓಡಿಸಬೇಕಲ್ಲ, ನ್ಯಾಯವೇ. ಆದರೆ ನಮ್ಮ ಮನೆಗಳಲ್ಲಿ ಗಾಡಿ ಕಲಿಸುವುದು ಯಾರಿಗೆ? ಅಣ್ಣನ ಮಗ ಹೈಸ್ಕೂಲಿನಲ್ಲೇ ಟ್ರ್ಯಾಕ್ಟರ್ ಏರಿದ. ಮಗಳಿಗೆ ಸ್ಕೂಟಿ ಕೊಡಿಸಿದ್ದೇ ದೊಡ್ಡದು. ಹೆಣ್ಣುಮಕ್ಕಳನ್ನು ಬೇಡ ಎಂದು ಎಲ್ಲೂ ಬರೆದಿರುವುದಿಲ್ಲ, ಆದರೂ ಇಂಥ ಒಂದು ಸಾಲಿನಲ್ಲಿ ಎಷ್ಟೋ ಜನ ಉದುರಿಹೋಗುತ್ತಾರೆ.

ಅಗ್ನಿಶಾಮಕ ವಿಭಾಗವನ್ನೇ ನೋಡಿ. ಎಎಐಗೆ ಮೊದಲ ಮಹಿಳಾ ಅಗ್ನಿಶಾಮಕ ಸಿಬ್ಬಂದಿ ಸಿಕ್ಕಿದ್ದು 2018ರಲ್ಲಿ, ಕೋಲ್ಕತ್ತಾದ ತಾನಿಯಾ ಸನ್ಯಾಲ್. ಸಂಸ್ಥೆ ಹುಟ್ಟಿ 23 ವರ್ಷವಾಗಿತ್ತು.

ನಡುವಿನ ಮೆಟ್ಟಿಲಲ್ಲಿ ಆಗುವುದು

ಇದನ್ನು ನನ್ನದೇ ಕಥೆಯಿಂದ ಹೇಳಿದರೆ ಬೇಗ ಅರ್ಥವಾದೀತು. ನನಗೆ 23 ವರ್ಷವಿದ್ದಾಗ ಕೇಂದ್ರ ಸರ್ಕಾರದ ಒಂದು ಕಚೇರಿಯಿಂದ ನೇಮಕಾತಿ ಪತ್ರ ಬಂದಿತ್ತು. ಯಾವ ಕಚೇರಿ ಎಂಬುದು ಬೇಡ, ವಿಮಾನಕ್ಕೆ ಸಂಬಂಧಿಸಿದ್ದಲ್ಲ. ಮೊದಲ ಪೋಸ್ಟಿಂಗ್ ಅಸ್ಸಾಂ. ಅಪ್ಪ ನಕ್ಷೆ ತೆಗೆದು ನೋಡಿದ. ಅವ್ವ ನೋಡಲಿಲ್ಲ, "ಹುಬ್ಬಳ್ಳಿ ಆಗಿದ್ರ ಹೋಗು ಅಂತಿದ್ದೆ" ಅಂದಳು. ಅಷ್ಟೇ. ಮನೆಯಲ್ಲಿ ಜಗಳವೂ ಆಗಲಿಲ್ಲ, ಯಾರೂ ನನ್ನ ಮೇಲೆ ಕೂಗಲಿಲ್ಲ. ಪತ್ರ ಟ್ರಂಕಿಗೆ ಹೋಯಿತು, ನಾನು ಗದಗಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದೆ.

ಎಎಐ ಕೆಲಸದಲ್ಲಿ ಮೇಲೆ ಹೋಗಬೇಕಾದರೆ ವರ್ಗಾವಣೆ ತಪ್ಪದು. ಬಡ್ತಿಯ ಜೊತೆ ಊರೂ ಬದಲಾಗುತ್ತದೆ. ಇದು ಬರುವುದು ಸರಿಯಾಗಿ 28ರಿಂದ 40ರ ನಡುವೆ, ಮದುವೆ, ಬಾಣಂತನ, ಮಕ್ಕಳ ಶಾಲೆ, ಅತ್ತೆ ಮಾವನ ಆಸ್ಪತ್ರೆ ಎಲ್ಲ ಒಟ್ಟಿಗೆ ಬಂದು ನಿಲ್ಲುವ ವರ್ಷಗಳಲ್ಲಿ. ಗಂಡಸು ಟ್ರಾನ್ಸ್‌ಫರ್ ಆದರೆ ಸಂಸಾರ ಗಂಟುಮೂಟೆ ಕಟ್ಟಿ ಹಿಂದೆ ಹೋಗುತ್ತದೆ. ಹೆಂಗಸು ಆದರೆ "ಬಡ್ತಿ ಬ್ಯಾಡ ಅಂತ ಬರೆದುಕೊಟ್ರಾತು" ಎಂಬ ಸಲಹೆ ಬರುತ್ತದೆ. ಕಂಟ್ರೋಲ್ ಟವರಿನಲ್ಲಿ ರಾತ್ರಿ ಪಾಳಿ ಬೇರೆ. 2017ರ ತಿದ್ದುಪಡಿಯ ನಂತರ 26 ವಾರ ಹೆರಿಗೆ ರಜೆ ಕಾನೂನಿನಲ್ಲಿದೆ. 27ನೇ ವಾರದ ರಾತ್ರಿ ಪಾಳಿಗೆ ಮಗುವನ್ನು ಯಾರ ಮಡಿಲಲ್ಲಿ ಬಿಡಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ.

2024ರಲ್ಲಿ ಡಿಜಿಸಿಎ ಒಂದು ಸುತ್ತೋಲೆ ಹೊರಡಿಸಿ, ವಿಮಾನಯಾನದ ವಿವಿಧ ಹುದ್ದೆಗಳಲ್ಲಿ 2025ರೊಳಗೆ ಮಹಿಳೆಯರ ಪಾಲು ಶೇ. 25 ಆಗಬೇಕೆಂದಿತು. ಅದು ಸಲಹೆ ಮಾತ್ರ. ಪಾಲಿಸದವರಿಗೆ ಏನೂ ಆಗುವುದಿಲ್ಲ.

ಹೊರಗಿನ ದೇಶಗಳಲ್ಲಿ ಇದು ಹೇಗೆ ನಡೆದಿದೆ? ಡೆಬೊರಾ ಫ್ಲಿಂಟ್ ಎಂಬಾಕೆ ಅಮೆರಿಕದ ಓಕ್ಲ್ಯಾಂಡ್ ನಿಲ್ದಾಣದಲ್ಲಿ ಬೆಳೆದು, 2015ರಲ್ಲಿ ಲಾಸ್ ಏಂಜಲೀಸ್ ವಿಮಾನ ನಿಲ್ದಾಣಗಳ ಮುಖ್ಯಸ್ಥೆಯಾದರು, 2020ರಲ್ಲಿ ಟೊರಾಂಟೊಗೆ ಹೋದರು, ಕೋವಿಡ್ ಎಲ್ಲವನ್ನೂ ಮುಚ್ಚಿಸಿದ ಹೊತ್ತಿಗೇ. ಅವರಿಗಿಂತ ಮುಂಚೆ ಆಂಜೆಲಾ ಗಿಟೆನ್ಸ್. ಈ ಕಪ್ಪು ಮಹಿಳೆ 1993ರಲ್ಲಿ ಅಟ್ಲಾಂಟಾ ವಿಮಾನ ನಿಲ್ದಾಣದ ಚುಕ್ಕಾಣಿ ಹಿಡಿದು 1996ರ ಒಲಿಂಪಿಕ್ಸ್ ನಿಭಾಯಿಸಿದರು, ಆಮೇಲೆ ಮಯಾಮಿ, ಕೊನೆಗೆ 2008ರಿಂದ 2020ರವರೆಗೆ ಜಗತ್ತಿನ ವಿಮಾನ ನಿಲ್ದಾಣಗಳ ಒಕ್ಕೂಟವಾದ ಎಸಿಐ ವರ್ಲ್ಡ್‌ನ ಮಹಾನಿರ್ದೇಶಕಿ.

ಒಂದು ವಿಷಯ ಗಮನಿಸಿ. ಅಟ್ಲಾಂಟಾ ನಿಲ್ದಾಣ ನಗರಾಡಳಿತದ್ದು. ಓಕ್ಲ್ಯಾಂಡ್, ಲಾಸ್ ಏಂಜಲೀಸ್, ಮಯಾಮಿ ಕೂಡ ಸಾರ್ವಜನಿಕ ಒಡೆತನದವು. ಅಟ್ಲಾಂಟಾದ ಮೊದಲ ಕಪ್ಪು ಮೇಯರ್ ಮೇನಾರ್ಡ್ ಜಾಕ್ಸನ್ 1970ರ ದಶಕದಲ್ಲಿ ಹೊಸ ಟರ್ಮಿನಲ್ ಕಟ್ಟುವಾಗ, ಗುತ್ತಿಗೆಯಲ್ಲಿ ಅಲ್ಪಸಂಖ್ಯಾತರಿಗೆ ಪಾಲು ಕೊಡದಿದ್ದರೆ ಕೆಲಸವೇ ನಡೆಯುವುದಿಲ್ಲ ಎಂದು ಪಟ್ಟು ಹಿಡಿದಿದ್ದರು. ನಿಲ್ದಾಣ ಜನರದ್ದಾಗಿತ್ತು, ಹಾಗಾಗಿ ಜನರು ಆರಿಸಿದ ಮೇಯರ್ ಅಲ್ಲಿ ಪಾಲು ಕೇಳಬಹುದಿತ್ತು.

ಏಣಿಯೇ ಹೋದರೆ?

2019ರ ಫೆಬ್ರವರಿಯಲ್ಲಿ ಆರು ವಿಮಾನ ನಿಲ್ದಾಣಗಳನ್ನು 50 ವರ್ಷಕ್ಕೆ ವಹಿಸುವ ಹರಾಜು ನಡೆಯಿತು. ಆರೂ ಅದಾನಿ ಸಮೂಹದ ಪಾಲಾದವು. ಮಂಗಳೂರು ಅದರಲ್ಲೊಂದು, 2020ರ ಅಕ್ಟೋಬರ್ 31ರಂದು ಹಸ್ತಾಂತರವಾಯಿತು. 2021ರ ಆಗಸ್ಟಿನಲ್ಲಿ ಕೇಂದ್ರ ಪ್ರಕಟಿಸಿದ ರಾಷ್ಟ್ರೀಯ ನಗದೀಕರಣ ಯೋಜನೆಯಲ್ಲಿ ಇನ್ನೂ 25 ನಿಲ್ದಾಣಗಳ ಹೆಸರಿತ್ತು. ಆ ಪಟ್ಟಿಯಲ್ಲಿ ಹುಬ್ಬಳ್ಳಿಯೂ ಇದೆ.

ಹುಬ್ಬಳ್ಳಿ ಬೆಳೆದದ್ದು ಯಾರ ದುಡ್ಡಿನಲ್ಲಿ? 1974ರ ಹೊತ್ತಿಗೆ ರಾಜ್ಯ ಸರ್ಕಾರ ಕಟ್ಟಿದ್ದು, 1996ರಲ್ಲಿ ಎಎಐಗೆ ಬಂತು, 2017ರ ಡಿಸೆಂಬರಿನಲ್ಲಿ ಹೊಸ ಟರ್ಮಿನಲ್ ಉದ್ಘಾಟನೆಯಾಯಿತು. 2018ರಲ್ಲಿ ಉಡಾನ್ ಯೋಜನೆಯ ಸಬ್ಸಿಡಿ ಬಂದ ಮೇಲೆ ವಿಮಾನಗಳ ಸಂಖ್ಯೆ ಏರಿತು. ಅಂದಹಾಗೆ, ದೆಹಲಿಯಲ್ಲಿ ಉಡಾನ್ ಯೋಜನೆಯ ಹೊಣೆ ಹೊತ್ತಿದ್ದ ಜಂಟಿ ಕಾರ್ಯದರ್ಶಿ ಐಎಎಸ್ ಅಧಿಕಾರಿ ಉಷಾ ಪಾಢಿ, ಮಹಿಳೆ. 2024ರ ಮಾರ್ಚ್‌ನಲ್ಲಿ ಇನ್ನೊಂದು ಹೊಸ ಟರ್ಮಿನಲ್‌ಗೆ ಶಂಕುಸ್ಥಾಪನೆಯೂ ಆಯಿತು. ರೈತರ ನೆಲ, ತೆರಿಗೆಯ ದುಡ್ಡು, ಸರ್ಕಾರಿ ಸಬ್ಸಿಡಿ, ಇಷ್ಟೆಲ್ಲ ಹಾಕಿ ಹೊಲ ಹದ ಮಾಡಿದ ಮೇಲೆ ಕಟಾವಿಗೆ ಬೇರೆಯವರು.

ಖಾಸಗಿಯವರು ಬಂದರೆ ಹೆಣ್ಣುಮಕ್ಕಳಿಗೆ ಕೆಲಸ ಸಿಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಸಿಗುತ್ತದೆ. ಬೆಂಗಳೂರಿನ ನಿಲ್ದಾಣದಲ್ಲಿ ಎಷ್ಟೋ ಹುಡುಗಿಯರು ದುಡಿಯುತ್ತಿದ್ದಾರೆ, ಕೆಲವರಿಗೆ ಬಡ್ತಿ ಸರ್ಕಾರಿ ಸಂಸ್ಥೆಗಿಂತ ಬೇಗ ಸಿಕ್ಕೀತು. ಬದಲಾಗುವುದು ಬಾಗಿಲು. ವಿಮಾನಗಳಿಗೆ ದಾರಿ ತೋರುವ ಕಂಟ್ರೋಲ್ ಟವರ್ ಖಾಸಗಿ ನಿಲ್ದಾಣದಲ್ಲೂ ಎಎಐ ಕೈಯಲ್ಲೇ ಉಳಿಯುತ್ತದೆ, ಹಾಗಾಗಿ ಅಣ್ಣನ ಮಗಳಿಗೆ ಕಂಟ್ರೋಲರ್ ಆಗುವ ಅವಕಾಶ ಎಲ್ಲೂ ಹೋಗುವುದಿಲ್ಲ. ಆದರೆ ನಿಲ್ದಾಣದ ಮುಖ್ಯಸ್ಥರ ಕುರ್ಚಿ ಎಎಐ ಏಣಿಯಿಂದ ಹೊರಗೆ ಹೋಗುತ್ತದೆ. ಅಲ್ಲಿ ಕೂರುವುದು ಕಂಪನಿ ಆರಿಸಿದ ಚೀಫ್ ಏರ್‌ಪೋರ್ಟ್ ಆಫೀಸರ್. ಆ ಆಯ್ಕೆಗೆ ಅಧಿಸೂಚನೆ ಇಲ್ಲ, ಎಸ್‌ಸಿ, ಎಸ್‌ಟಿ, ಒಬಿಸಿ ಮೀಸಲಾತಿ ಇಲ್ಲ. ಎಎಐನಲ್ಲಿ ಎಷ್ಟು ನಿರ್ದೇಶಕಿಯರಿದ್ದಾರೆ, ಬಡ್ತಿ ಬೇಡವೆಂದು ಬರೆದುಕೊಟ್ಟ ಮಹಿಳೆಯರೆಷ್ಟು ಎಂದು ನೀವು ಇವತ್ತೇ ಆರ್‌ಟಿಐ ಅರ್ಜಿ ಹಾಕಬಹುದು. ಓದುಗರಲ್ಲಿ ಯಾರಾದರೂ ಹಾಕಿದರೆ ಒಳ್ಳೆಯದು.

ಕಂಪನಿಗಳ ಮೇಲೆ ರಾಜ್ಯ ಒತ್ತಡ ಹಾಕಬಹುದಲ್ಲ ಎನ್ನುವವರು 2024ರ ಜುಲೈ ನೆನಪಿಸಿಕೊಳ್ಳಿ. ಸ್ಥಳೀಯರಿಗೆ ಖಾಸಗಿ ಉದ್ಯೋಗದಲ್ಲಿ ಮೀಸಲು ಕೊಡುವ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟು, ಉದ್ಯಮಿಗಳ ಆಕ್ಷೇಪ ಬಂದ ಎರಡು ಮೂರು ದಿನದಲ್ಲೇ ತಡೆಹಿಡಿಯಿತು.

ಹುಬ್ಬಳ್ಳಿಯ ಹೆಸರು ಬಂದಾಗ ಸುಧಾ ಮೂರ್ತಿಯವರ ಕಥೆಯನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಬಿವಿಬಿಯಲ್ಲಿ ಓದಿದ ಹುಡುಗಿ, ಮಹಿಳೆಯರು ಅರ್ಜಿ ಹಾಕಬೇಡಿ ಎಂದಿದ್ದ ಟೆಲ್ಕೊ ಜಾಹೀರಾತು ನೋಡಿ ಜೆ.ಆರ್.ಡಿ. ಟಾಟಾಗೆ ಕಾರ್ಡು ಬರೆದು ಕೆಲಸ ಪಡೆದದ್ದು. ಅದೇ ಜೆ.ಆರ್.ಡಿ. 1932ರಲ್ಲಿ ಕರಾಚಿಯಿಂದ ಮುಂಬೈಗೆ ಟಪಾಲು ವಿಮಾನ ಹಾರಿಸಿದಾಗ, ಮುಂದಿನ ಹಾದಿ ನಮ್ಮ ಬಳ್ಳಾರಿಯಲ್ಲಿ ಇಳಿದು ಮದ್ರಾಸಿಗೆ ಹೋಗುತ್ತಿತ್ತು. ನನಗೆ ಆ ಕಥೆ ಇಷ್ಟವೇ. ಆದರೆ ಅದರಲ್ಲಿ ಬಾಗಿಲು ತೆರೆದದ್ದು ಮಾಲೀಕರ ಒಳ್ಳೆಯ ಮನಸ್ಸು. ಅಣ್ಣನ ಮಗಳಿಗೆ ಯಾರಿಗೂ ಕಾರ್ಡು ಬರೆಯುವ ಅಗತ್ಯ ಬೀಳಬಾರದು.

ಇದನ್ನೆಲ್ಲ ಅವತ್ತು ರಾತ್ರಿ ಮಾಳಿಗೆ ಮೇಲೆ ಅವಳಿಗೆ ಹೇಳಲಿಲ್ಲ. ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆ ಹುಡುಕಿಕೊಟ್ಟೆ. ಮರುದಿನ ಊಟಕ್ಕೆ ಕೂತಾಗ ಅಣ್ಣನಿಗೂ ವೈನಿಗೂ ವಿಷಯ ತಿಳಿಸಿದೆ. ಸಂಬಳ ಕೇಳಿ ಅಣ್ಣ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ಹುಬ್ಬಳ್ಳಿಗೇ ಹಾಕ್ತಾರೇನ್?" ಅಂದ.

"ಗ್ಯಾರಂಟಿ ಇಲ್ಲಪ್ಪ. ಗುವಾಹಟಿಗೂ ಹಾಕಬಹುದು."

ಅವನು ನನ್ನ ಮುಖ ನೋಡಿದ. ಆ ಟ್ರಂಕಿನ ಪತ್ರ ಅವನಿಗೂ ಗೊತ್ತಿರುವುದೇ. ಏನೂ ಮಾತಾಡಲಿಲ್ಲ. ವೈನಿ ಸಾರು ಬಡಿಸುತ್ತಾ, "ಮೊದಲ ಗಾಡಿ ಕಲೀಲಿ ತಗೋರಿ, ಅದೇನ್ ಲೈಸನ್ಸ್ ಬೇಕಂತಲ್ಲ" ಅಂದಳು. ಮುಂದಿನ ವಾರ ಮಗಳಿಗೆ ಗದಗಿನಲ್ಲಿ ಎಲ್‌ಎಲ್ ಪರೀಕ್ಷೆ ಇದೆ. ಕರೆದುಕೊಂಡು ಹೋಗುವುದು ನಾನೇ.